ಕಾಲಿಗೆ ಕಚ್ಚಿದರೆ ಮೂಗು ಹೋಗುತ್ತದೆಯೇ?

ಡೇರಿಯಲ್ಲಿ ಎಲ್ಲರೂ ಅವಳನ್ನು ವಾಪಸಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳ ಕೆಲಸ ಒಂದೇ: ಹಾಲಿನ ಕ್ಯಾನು ಬಂದೊಡನೆ ಮುಚ್ಚಳ ತೆಗೆದು ಅದರ ಒಳಮೈಯನ್ನು ಮೂಸುವುದು. ಸರಿಯಿದ್ದರೆ ಸೀಮೆಸುಣ್ಣದ ಗೀಟು, ಕೆಟ್ಟಿದ್ದರೆ "ವಾಪಸ್". ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಕ್ಯಾನು ತೊಳೆಯುವ ಕಟ್ಟೆಯ ಹಿಂದೆ ಹಾವು ಅವಳ ಹಿಮ್ಮಡಿಗೆ ಕಚ್ಚಿತು. ಆಸ್ಪತ್ರೆಯವರು ಬದುಕಿಸಿ ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಮರುದಿನ ಅವಳು ಒಲೆಗೆ ಬೆನ್ನು ಮಾಡಿ ತರಕಾರಿ ಹೆಚ್ಚುತ್ತಿದ್ದಾಗ ಮಗಳು ಹೊರಗಿನಿಂದ ಓಡಿಬಂದಳು.

"ಅಮ್ಮಾ, ಹಾಲು ಸೀದು ಬೀದಿಗೆಲ್ಲ ವಾಸನೆ! ಇಲ್ಲೇ ಕೂತಿದೀಯಲ್ಲ!"

ಹಾವಿನ ವಿಷ ವಾಸನೆಯ ಶಕ್ತಿಯನ್ನೇ ಕಸಿಯುವುದುಂಟು. ಅಪರೂಪ, ಆದರೆ ಉಂಟು. ಅವಳು ಹೋಗಿ ತೋರಿಸಿಕೊಂಡ ಡೇರಿಯ ಡಾಕ್ಟರು ಅದನ್ನು ಓದಿರಲಿಲ್ಲ; ಓದಿಲ್ಲವೆಂದು ಒಪ್ಪುವ ಜಾತಿಯವರೂ ಅಲ್ಲ.

"ಕಚ್ಚಿದ್ದು ಕಾಲಿಗಲ್ವೇನಮ್ಮ? ಮೂಗು ಅಲ್ಲಿಂದ ಎಷ್ಟು ದೂರ!"

ಕಂಪೌಂಡರ್ ಕಿಸಕ್ಕನೆ ನಕ್ಕ. ಡಾಕ್ಟರು ಅಮೋನಿಯಾ ಸೀಸೆಯನ್ನು ಅವಳ ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಬಂತು.

"ನೋಡು, ವಾಸನೆ ಬರುತ್ತೆ."

"ಅದು ಉರಿ ಸಾರ್, ವಾಸನೆ ಅಲ್ಲ. ಖಾರದ ಕೈ ತಾಗಿದ್ರೂ ಕಣ್ಣಲ್ಲಿ ನೀರು ಬರುತ್ತೆ. ಕಣ್ಣೇನು ಮೂಸುತ್ತಾ?"

ಅವಳ ಮಾತು ನಿಜ. ಉರಿ ತಿಳಿಸುವ ನರವೇ ಬೇರೆ. ಡಾಕ್ಟರು ಚೀಟಿ ಬರೆದರು: "ಪೂರ್ಣ ಗುಣ. ನಟನೆ."

ಆ ಕೊನೆಯ ಪದ ಅವಳನ್ನು ಸುಟ್ಟಿತು. ಸುಮ್ಮನೆ ಗೀಟೆಳೆದುಕೊಂಡು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಹಾಲು ಮಕ್ಕಳ ಆಸ್ಪತ್ರೆಗೆ ಹೋಗುವಂಥದ್ದು.

ಮರುದಿನ ಬೆಳಗ್ಗೆ ನಲವತ್ತು ಕ್ಯಾನು ಸಾಲಾಗಿ ನಿಂತಿದ್ದವು. ಮೇಲ್ವಿಚಾರಕ ಚೀಟಿ ಬೀಸುತ್ತ ಬಂದ. "ಗುಣ ಅಂತ ಬರೆದಿದ್ದಾರಲ್ಲಮ್ಮ. ಗೀಟು ಹಾಕು, ಲಾರಿ ಕಾಯ್ತಿದೆ."

ಅವಳು ಸೀಮೆಸುಣ್ಣವನ್ನು ಅವನ ಮುಷ್ಟಿಗೆ ತುರುಕಿದಳು. "ನೀವೇ ಮೂಸಿ. ಈ ಚೀಟಿ ಬದಲಾಗೋವರೆಗೂ ನಾನು ಒಂದು ಗೀಟೂ ಎಳೆಯಲ್ಲ."

ಅವನು ಗತ್ತಿನಿಂದ ಮೂಸಿದ. ಒಂದು, ಎರಡು, ಮೂರು, ನಾಲ್ಕು, ಐದಕ್ಕೂ ಗೀಟೆಳೆದ. ಹಿಂದೆ ನಿಂತಿದ್ದ ಕ್ಯಾನು ತೊಳೆಯುವವಳು ಐದನೆಯದರ ಮುಚ್ಚಳ ಎತ್ತಿ ಮೂಗು ಮುಚ್ಚಿಕೊಂಡಳು. "ಥೂ, ಹುಳಿ ಬಂದಿದೆ!"

"ಏನಯ್ಯಾ," ಎಂದಳು ವಾಪಸಕ್ಕ, "ನಿಂಗೂ ಹಾವು ಕಚ್ಚಿತಾ?"

ಯಾರೂ ನಗಲಿಲ್ಲ. ಅವಳ ಮುಖ ನೋಡಿದವರಿಗೆ ನಗುವ ಧೈರ್ಯ ಬರಲಿಲ್ಲ.

ಮಧ್ಯಾಹ್ನದೊಳಗೆ ಹೊಸ ಚೀಟಿ ಬಂತು: "ವಾಸನೆ ತಿಳಿಯುವುದಿಲ್ಲ." ಅವಳಿಗೆ ಅಷ್ಟು ಸಾಲಲಿಲ್ಲ. ಹಳೆಯದನ್ನು ಡಾಕ್ಟರ ಮೇಜಿನ ಮೇಲಿಟ್ಟು, "ನಟನೆ" ಎಂಬ ಪದವನ್ನು ಬರೆದ ಕೈಯಿಂದಲೇ ಹೊಡೆದುಹಾಕಿಸಿ, ಹೊರಟಳು.