ಅಟ್ಟಕ್ಕೇರಿದ ಹನ್ನೊಂದು ಮಾತ್ರೆ

ಸೆಪಿಕ್ ನದಿಯ ದಂಡೆಯಲ್ಲಿ ಸಬ್ವಿಯ ಗಂಡ ಕಮಾನ್ ಜ್ವರದಲ್ಲಿ ಸತ್ತ ಮೂರನೆಯ ದಿನ, ಅವನ ತಮ್ಮ ಯುವಾನಿ ಮಾಟ ಮಾಡಿದವರನ್ನು ಹುಡುಕಲು ಬಿದಿರಿನ ಗಳ ಹೊರಿಸಿದ. ಊರಿನ ನಂಬಿಕೆಯಂತೆ, ನಾಲ್ವರ ಹೆಗಲ ಮೇಲಿನ ಬಿದಿರು ಸತ್ತವನು ಎಳೆದ ಕಡೆ ನಡೆಯುತ್ತದೆ. ಮಾಟ ಮಾಡಿದವರ ಮನೆಗೆ ಹೋಗಿ ಗುದ್ದುತ್ತದೆ. ಆ ಬೆಳಿಗ್ಗೆ ಅದು ತಗ್ವಿ ಮುದುಕಿಯ ಮನೆಕಂಬಕ್ಕೆ ಗುದ್ದಿತು.

ಮುದುಕಿಯನ್ನು ಕೂದಲು ಹಿಡಿದು ಏಣಿಯಿಂದ ಕೆಳಗೆಳೆದರು. ಯುವಾನಿ ದೋಣಿಯ ಹುಟ್ಟಿನಿಂದ ಅವಳ ಮೊಣಕಾಲಿಗೆ ಹೊಡೆದ. ಮೂಳೆ ಮುರಿದ ಸದ್ದು ಸಬ್ವಿಯ ಅಂಗಳಕ್ಕೂ ಕೇಳಿಸಿತು.

"ಹೇಳು, ನಮ್ಮಣ್ಣನಿಗೆ ಏನು ತಿನ್ಸಿದೆ?"

"ಸಾಗು ಮರದ ಹಿಟ್ಟಿನ ಗಂಜಿ ತಿನ್ಸಿದೀನಿ ಕಣೋ, ಅವನು ಕೂಸಾಗಿದ್ದಾಗ. ನಿಂಗೂ ತಿನ್ಸಿದೀನಿ."

ಇನ್ನೊಂದು ಏಟು ಬಾಯಿಗೆ ಬಿತ್ತು. ಯಾರೋ ಕಬ್ಬಿಣ ಕಾಯಿಸಲು ಇಟ್ಟರು.

ಕೊಂದದ್ದು ಯಾವುದೆಂದು ಸಬ್ವಿಗೆ ಗೊತ್ತಿತ್ತು. ಮೊದಲ ಸಲ ಜ್ವರ ಬಂದಾಗ ಆಸ್ಪತ್ರೆಯ ಗಾವಿ ದಿನಕ್ಕೊಂದರಂತೆ ಹದಿನಾಲ್ಕು ಮಾತ್ರೆ ಕೊಟ್ಟಿದ್ದ. ಆವತ್ತು ಪಕ್ಕದಲ್ಲೇ ಹಂದಿ ಕೊಯ್ಯುತ್ತಿದ್ದರು. ಗಾವಿ ಅದರ ಲಿವರನ್ನು ಎತ್ತಿ ಹಿಡಿದ.

"ಸೊಳ್ಳೆ ಎಂಜಲಲ್ಲಿರೋ ಹುಳ ಚರ್ಮದಿಂದ ನೆತ್ತರಿಗೆ ಬೀಳ್ತಾವೆ. ನೆತ್ತರು ಇಲ್ಲಿಗೆ ತರುತ್ತೆ. ಇದರಲ್ಲಿರೋ ಕಣ್ಣಿಗೆ ಕಾಣದ ಗೂಡುಗಳಲ್ಲಿ ಒಂದನ್ನ ಒಡೆದು ಇನ್ನೊಂದಕ್ಕೆ ನುಗ್ಗಿ, ಕೊನೆಗೆ ಒಂದರಲ್ಲಿ ಕೂರ್ತಾವೆ. ಒಂದು ಹೋಗಿ ಸಾವಿರ ಆಗಿ, ಗೂಡು ಹರ್ಕೊಂಡು ಆಚೆ ಬಂದಾಗ ಜ್ವರ. ಕೆಲವು ಅಲ್ಲೇ ಮಲಗಿರ್ತಾವೆ, ಆಮೇಲೆ ಎದ್ದು ಮತ್ತೆ ಜ್ವರ ತರ್ತಾವೆ. ಈ ಮಾತ್ರೆ ಅವಕ್ಕೆ."

"ಮಲಗಿರೋರನ್ನ ಯಾಕಪ್ಪ ಎಬ್ಬಿಸ್ತೀಯ? ಲಿವರ್ ಕೆಳಗಿಡು, ಒಲೆ ಕಾಯ್ತಿದೆ," ಎಂದು ಕಮಾನ್ ಎಲ್ಲರನ್ನೂ ನಗಿಸಿದ್ದ.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಮಿಕ್ಕ ಹನ್ನೊಂದನ್ನು ಮುಂದೆ ಬೇಕಾದೀತೆಂದು ಎಲೆಯಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಮೀನಿನ ಜೊತೆ ಇಟ್ಟರು. ಹೊಗೆಯಲ್ಲಿ ಮೀನು ಕೆಡುವುದಿಲ್ಲ, ಮಾತ್ರೆಯೂ ಕೆಡಲಿಕ್ಕಿಲ್ಲ. ಗಂಟು ಹಾಕಿದವಳು ಸಬ್ವಿ. ಜ್ವರ ಮತ್ತೆ ಬಂತು. ಮದ್ದು ತಿಂದ ಮೇಲೂ ಬಂದದ್ದು ಮಾಟವೇ ಎಂದ ಯುವಾನಿ. ಆ ಗಂಟನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ನಾಲ್ಕನೆಯ ಜ್ವರ ಕಮಾನನನ್ನು ಒಯ್ದಿತು.

ಈಗ ಸಬ್ವಿ ಅಟ್ಟಕ್ಕೆ ಕೈ ಹಾಕಿ ಗಂಟು ಕಿತ್ತುಕೊಂಡು ತಗ್ವಿಯ ಮನೆಯತ್ತ ಓಡಿದಳು.

"ಬಿಡು ಅವಳನ್ನ. ಹನ್ನೊಂದಿವೆ, ಎಣಿಸ್ಕೋ. ಹುಳ ನಿಮ್ಮಣ್ಣನ ಲಿವರಲ್ಲಿ ಮಲಗಿತ್ತು. ಅದನ್ನ ಕೊಲ್ಲೋ ಮದ್ದನ್ನ ಮೀನಿನ ಜೊತೆ ಇಟ್ಟೋಳು ನಾನು. ನಿಮ್ಮ ಬಿದಿರು ಮನೆ ತಪ್ಪಿದೆ."

"ದೂರ ಹೋಗು ಅತ್ತಿಗೆ."

ಯುವಾನಿ ಹುಟ್ಟು ಬಿಟ್ಟು ಕತ್ತಿ ಎತ್ತಿಯಾಗಿತ್ತು. ಸಬ್ವಿ ಮುದುಕಿಯ ಮೇಲೆ ಅಡ್ಡವಾಗಿ ಬಿದ್ದಳು. ಎಡಗೈಯ ಎರಡು ಬೆರಳು ಹಾರಿದವು. ಹೊಗೆ ಹಿಡಿದು ಕಪ್ಪಾದ ಮಾತ್ರೆಗಳು ರಕ್ತದಲ್ಲಿ ಉರುಳಿದವು. ಸತ್ತವನ ಹೆಂಡತಿಯ ರಕ್ತ ನೋಡಿ ಬಿದಿರು ಹೊತ್ತವರು ಅದನ್ನು ಹೆಗಲಿನಿಂದ ಇಳಿಸಿದರು. ಕಾದ ಕಬ್ಬಿಣವನ್ನು ಯಾರೂ ಎತ್ತಲಿಲ್ಲ.

ತಗ್ವಿ ಬದುಕಿದಳು. ನಡೆಯಲಿಲ್ಲ, ತೆವಳಿದಳು.

ಎರಡು ತಿಂಗಳಿಗೆ ಯುವಾನಿ ಗಡಗಡ ನಡುಗುತ್ತ ಮಲಗಿದ. ಗಾವಿ ಕೊಟ್ಟ ಮಾತ್ರೆಗಳನ್ನು ಸಬ್ವಿಯೇ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಒಂದು ಹಿಡಿದು ಅವನ ಮನೆಗೆ ಹೋದಳು.

"ಜ್ವರ ಬಿಟ್ಟಿದೆ ಅತ್ತಿಗೆ," ಎಂದ ನಾಲ್ಕನೆಯ ದಿನ.

"ಬಾಯಿ ತೆಗಿ."

ತೆಗೆಯದಿದ್ದಾಗ ಮೂರು ಬೆರಳಿನ ಕೈಯಿಂದ ದವಡೆ ಹಿಡಿದು ಬಿಡಿಸಿದಳು.

ಅವನನ್ನು ಅವಳು ಕ್ಷಮಿಸಲಿಲ್ಲ. ಹದಿನಾಲ್ಕನೆಯದನ್ನೂ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ, ತಗ್ವಿಗೆ ನೀರು ತರಲು ಹೋದಳು.