ಸಿನಿಮಾ ಬೀದಿಯ ಬಾಗಿಲಕ್ಕ

ಬೆಳಿಗ್ಗೆ ಐದೂವರೆ. ಗುಡ್ಡದ ಹಿಂದೆ ಬೆಳಕು ಇನ್ನೂ ಏಳಲೋ ಬೇಡವೋ ಎಂಬಂತಿದೆ. ಮಣ್ಣಿನ ಅಗಲ ಬೀದಿ, ಎರಡೂ ಬದಿಗೆ ಮರದ ಕಟ್ಟಡಗಳು: ಬ್ಯಾಂಕು, ಜೈಲು, ಹೆಂಡದಂಗಡಿ, ದವಸದ ಮಳಿಗೆ. ಯಾವುದರಲ್ಲೂ ದೀಪವಿಲ್ಲ, ಯಾವುದರ ಒಳಗಿಂದಲೂ ಒಂದು ಕೆಮ್ಮು ಕೇಳುವುದಿಲ್ಲ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬ್ಯಾಂಕಿನ ಬಾಗಿಲು ತೆರೆಯುತ್ತಾರೆ. ಒಳಗೆ ಬ್ಯಾಂಕಿಲ್ಲ. ಬಾಗಿಲಾಚೆ ಮುಳ್ಳುಗಿಡಗಳ ಬಯಲು, ಆಚೆಗೆ ಆಕಾಶ. ಅವರು ಹಿಂದಕ್ಕೆ ಹೋಗಿ, ಗೋಡೆಗೆ ಆನಿಸಿ ನಿಲ್ಲಿಸಿರುವ ಆಸರೆಯ ಮರಗಳಿಗೆ ಒಂದೊಂದಾಗಿ ಭುಜ ಕೊಟ್ಟು ನೂಕಿ ನೋಡುತ್ತಾರೆ. ನಾಲ್ಕನೆಯದು ಸ್ವಲ್ಪ ಅಲ್ಲಾಡುತ್ತದೆ. ಬುಡಕ್ಕೆ ಕಲ್ಲೊಂದನ್ನು ಜಡಿದು, "ವಯಸ್ಸಾಯ್ತು ನಿನಗೂ" ಎಂದು ಗೋಡೆಯನ್ನು ಗದರುತ್ತಾರೆ.

ಊರಿಗೆಲ್ಲ ಅವರು ಬಾಗಿಲಕ್ಕ. ವಯಸ್ಸು ಅರವತ್ತಮೂರು. ನಲವತ್ತೊಂದು ವರ್ಷದ ಹಿಂದೆ ಕೌಬಾಯ್ ಸಿನಿಮಾ ಒಂದಕ್ಕಾಗಿ ಕಟ್ಟಿದ ಈ ಬೀದಿಯನ್ನು ನಲವತ್ತು ವರ್ಷದಿಂದ ಬೀಳದಂತೆ ನಿಲ್ಲಿಸಿಕೊಂಡು ಬಂದವರು. ಇಪ್ಪತ್ತೇಳು ಕಟ್ಟಡಗಳ ಮುಖಗಳಿವೆ. ಹದಿನಾಲ್ಕು ಬಾಗಿಲು ತೆರೆಯುತ್ತವೆ. ಅವುಗಳಲ್ಲಿ ಐದರ ಹಿಂದೆ ಮಾತ್ರ ಕೋಣೆಗಳಿವೆ. ಧೂಳು ಏಳದಂತೆ ದಿನಕ್ಕೆ ಮೂವತ್ತು ಕೊಡ ನೀರು ಬೀದಿಗೆ ಚಿಮುಕಿಸಬೇಕು. ನಲ್ಲಿ ಇರುವುದು ಬೀದಿಯ ಒಂದು ತುದಿಯಲ್ಲಿ. ಎಂಟು ಗಂಟೆಯೊಳಗೆ ಇಷ್ಟೆಲ್ಲ ಮುಗಿಯಬೇಕು, ಎಂಟೂವರೆಗೆ ಜನ ಬರುತ್ತಾರೆ. ಮಾಮೂಲಿ ದಿನ ಇಪ್ಪತ್ತು ಇಪ್ಪತ್ತೈದು ಮಂದಿ, ರಜೆಯಲ್ಲಿ ಇನ್ನೂರು.

ಎಲ್ಲ ಕೀಲುಗಳಿಗೂ ಎಣ್ಣೆ ಬಿಡುವ ಬಾಗಿಲಕ್ಕ ಹೆಂಡದಂಗಡಿಯ ಜೋಡಿ ಬಾಗಿಲನ್ನು ಮಾತ್ರ ಮುಟ್ಟುವುದಿಲ್ಲ. "ಒಂದ್ಸಲ ಎಣ್ಣೆ ಬಿಟ್ಟೆ. ಬಂದವರೆಲ್ಲ ಮುಖ ಸಣ್ಣಗೆ ಮಾಡ್ಕೊಂಡ್ರು. ಸಿನಿಮಾದಲ್ಲಿ ಕಿರುಗುಟ್ಟುತ್ತಲ್ಲ ಅಂದ್ರು. ಎಣ್ಣೆ ಒರೆಸಿ ಮಣ್ಣು ತುಂಬಿಸಿದೆ. ಈಗ ನೋಡಿ, ಚೆನ್ನಾಗಿ ಅಳುತ್ತೆ."

ಆ ಸಿನಿಮಾ ಬಂದ ವರ್ಷ ಊರಿಗೆ ಊರೇ ಮರುಳಾಗಿತ್ತು ಎಂದು ಹಳಬರು ಇಂದಿಗೂ ನಗುತ್ತಾರೆ. ಡಕಾಯಿತರ ಪಾತ್ರಕ್ಕೆ ಗಡ್ಡದವರು ಬೇಕೆಂದು ಕಂಪನಿಯವರು ಹೇಳಿದ್ದೇ ತಡ, ಇದ್ದಬದ್ದ ಗಂಡಸರೆಲ್ಲ ಗಡ್ಡ ಬಿಟ್ಟರು. ಕ್ಷೌರದಂಗಡಿಯವನು ಎರಡು ತಿಂಗಳು ನೊಣ ಹೊಡೆದು, ಕೊನೆಗೆ ತಾನೂ ಗಡ್ಡ ಬಿಟ್ಟು ಡಕಾಯಿತನಾದ. ನಲ್ಲಿ ರಿಪೇರಿಯವನು ಸಿನಿಮಾದಲ್ಲಿ ಊರ ಪೊಲೀಸಾಗಿಬಿಟ್ಟಿದ್ದರಿಂದ ಒಂದು ಇಡೀ ಬೇಸಿಗೆ ಅರ್ಧ ಊರಿನ ನಲ್ಲಿಗಳು ಸೋರುತ್ತಲೇ ಇದ್ದವು. ಶೂಟಿಂಗ್ ನೋಡಲು ಕಟ್ಟಿದ ಹಗ್ಗದ ಹಿಂದೆ, ಶಾಲೆಗೆ ಚಕ್ಕರ್ ಹೊಡೆದ ಮಕ್ಕಳ ಪಕ್ಕದಲ್ಲೇ ಅವರನ್ನು ಹುಡುಕಿಕೊಂಡು ಬಂದ ಮೇಷ್ಟ್ರೂ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದರು.

ಬಾಗಿಲಕ್ಕನ ಗಂಡ ಆಗ ಕಲ್ಲುಕ್ವಾರಿಯಲ್ಲಿ ಕೆಲಸಕ್ಕಿದ್ದರು. ಇಪ್ಪತ್ತೇಳರ ಹರೆಯ, ಬಂಡೆಯಿಂದ ಬಂಡೆಗೆ ಹಾರುವ ಮೈ. ಅವರನ್ನು ನೋಡಿದ ಕಂಪನಿಯವರು ಬೀಳುವ ಕೆಲಸ ಕೊಟ್ಟರು. ಗುಂಡು ತಗುಲಿ ಕುದುರೆಯಿಂದ ಬೀಳುವುದು, ಮೆಟ್ಟಿಲಿಂದ ಉರುಳುವುದು, ಕಿಟಕಿ ಒಡೆದುಕೊಂಡು ಆಚೆ ಬೀಳುವುದು. ಒಂದೇ ಸಿನಿಮಾದಲ್ಲಿ ಟೋಪಿ ಬದಲಿಸಿ, ಮೀಸೆ ಬದಲಿಸಿ ಆರು ಸಲ ಸತ್ತರು.

"ಸಾಯಂಕಾಲ ಮನೆಗೆ ಬಂದು ಲೆಕ್ಕ ಒಪ್ಪಿಸೋರು. ಇವತ್ತು ಎರಡು ಸಲ ಹೋದೆ ಕಣೆ, ಹಸಿವಾಗ್ತಿದೆ ಅನ್ನೋರು. ನಾನು ಬೈತಿದ್ದೆ, ಬಾಯಿ ತೊಳ್ಕೊಳ್ಳಿ, ಎಂಥ ಮಾತಾಡ್ತೀರಿ ಅಂತ." ಬಾಗಿಲಕ್ಕ ಕೊಡ ಕೆಳಗಿಡುತ್ತಾರೆ. "ನಾನಾಗ ತುಂಬು ಬಸುರಿ. ಎಂಟು ತಿಂಗಳು."

ಏಳನೆಯ ಸಾವು ದವಸದ ಮಳಿಗೆಯ ಮಾಡಿನ ಮೇಲಿಂದ. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಹುಲ್ಲು ಹರಡಿ, ಮಣ್ಣಿನ ಬಣ್ಣದ ಬಟ್ಟೆ ಹೊದಿಸಿದ್ದರು. ಬೆಳಿಗ್ಗೆ ಎರಡು ಬಾರಿ ಬಿದ್ದು ನೋಡಿದ್ದೂ ಆಗಿತ್ತು. ಮಧ್ಯಾಹ್ನ ಕ್ಯಾಮೆರಾದ ಜಾಗ ಬದಲಾಯಿತು. ಪೆಟ್ಟಿಗೆಗಳು ಚಿತ್ರದಲ್ಲಿ ಕಾಣುತ್ತವೆಂದು ಯಾರೋ ಅವನ್ನು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದರು. ಮಾಡಿನ ಮೇಲೆ ನಿಂತವರಿಗೆ ಹೇಳಲು ಯಾರಿಗೂ ನೆನಪಾಗಲಿಲ್ಲ. ಮೇಲಿನಿಂದ ನೋಡಿದರೆ ಮಣ್ಣೂ ಬಟ್ಟೆಯೂ ಒಂದೇ ಬಣ್ಣ.

ಗುಂಡಿನ ಸದ್ದಾಯಿತು. ಅವರು ಎದೆ ಹಿಡಿದುಕೊಂಡು ಬಿದ್ದರು. ಹಗ್ಗದ ಹಿಂದಿದ್ದ ಜನ ಚಪ್ಪಾಳೆ ತಟ್ಟಿದರು. ಅವರು ಏಳಲಿಲ್ಲ ಎಂಬುದು ತಿಳಿಯಲು ಜನಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತಂತೆ.

ಬಾಗಿಲಕ್ಕ ಅಲ್ಲಿರಲಿಲ್ಲ. ಮನೆಯಲ್ಲಿ ಹುಟ್ಟಲಿರುವ ಕೂಸಿಗೆ ಹಳೆಯ ಸೀರೆ ಹರಿದು ಬಟ್ಟೆ ಹೊಲಿಯುತ್ತಿದ್ದರು. ಸುದ್ದಿ ತಂದವನು ಗಡ್ಡ ಬಿಟ್ಟ ಕ್ಷೌರದಂಗಡಿಯವನು. ಸೊಂಟದಲ್ಲಿ ಸುಳ್ಳು ಪಿಸ್ತೂಲು ಸಿಕ್ಕಿಸಿಕೊಂಡೇ ಓಡಿ ಬಂದಿದ್ದ. "ಅಕ್ಕಾ, ಅಣ್ಣ ಬಿದ್ದ" ಎಂದ. "ಬೀಳೋದೇ ತಾನೇ ಅವರ ಕೆಲಸ" ಎಂದು ಇವರು ದಾರ ಕಚ್ಚಿ ತುಂಡರಿಸಿದರು. ಅವನು ಹೊಸಿಲ ಮೇಲೆ ಕುಸಿದು ಕೂತಾಗಲೇ ಸೂಜಿ ಕೈ ಜಾರಿದ್ದು.

ಹದಿನೇಳು ದಿನಕ್ಕೆ ಮಗಳು ಹುಟ್ಟಿದಳು. ಕಂಪನಿ ಉಳಿದ ಕೆಲಸ ಮುಗಿಸಿ ಗಂಟುಮೂಟೆ ಕಟ್ಟಿತು. ಸಿನಿಮಾ ದೇಶದೇಶಗಳಲ್ಲಿ ಓಡಿತು. ವರ್ಷ ಕಳೆದು, ಈ ಬೀದಿಯನ್ನು ಕಟ್ಟಿದ್ದ ಬಡಗಿ ಮೇಸ್ತ್ರಿ ಬಾಗಿಲಕ್ಕನ ಮನೆಗೆ ಬಂದರು. ಹೇಳಲಾರದೆ ಹೇಳಿದರು: ಆ ಬೀಳುವ ದೃಶ್ಯವನ್ನು ಸಿನಿಮಾದಿಂದ ತೆಗೆದಿಲ್ಲ. ತುಂಬಾ ಚೆನ್ನಾಗಿ ಬಂದಿದೆ, ಕತ್ತರಿಸಲು ಮನಸ್ಸಾಗಲಿಲ್ಲ ಎಂದರಂತೆ ಕಂಪನಿಯವರು. ಬೀದಿಯ ಕಾವಲು ಆಗ ಮೇಸ್ತ್ರಿಯ ಕೈಯಲ್ಲಿತ್ತು. "ನನ್ನಿಂದ ಅಲ್ಲಿ ನಿಲ್ಲಕ್ಕಾಗ್ತಿಲ್ಲಮ್ಮ" ಎಂದು ಬೀಗದ ಕೈಗಳನ್ನು ಚಾಪೆಯ ಮೇಲಿಟ್ಟು ಎದ್ದು ಹೋದರು.

"ಯಾಕೆ ತಗೊಂಡೆ ಅಂತ ಎಲ್ಲರೂ ಕೇಳ್ತಾರೆ. ಕೂಸಿಗೆ ಅನ್ನ ಆಗಬೇಕಿತ್ತು, ಅದೊಂದು. ಇನ್ನೊಂದು, ನಾನು ಬಿಟ್ರೆ ಆ ಜಾಗಾನ ಯಾರೋ ಕಂಡವರು ಗುಡಿಸ್ತಾರಲ್ಲ ಅನ್ನಿಸ್ತು."

ಜನ ಬರುವುದು ಹೆಚ್ಚಾಗಿ ಆ ಜಾಗ ನೋಡಲಿಕ್ಕೇ. ಸಿನಿಮಾದ ಅತಿ ಹೆಸರುವಾಸಿ ಬೀಳುವಿಕೆ ಅದು. ಅಗಲ ಟೋಪಿ ಹಾಕಿಕೊಂಡು ಬರುತ್ತಾರೆ, ಮಳಿಗೆಯ ಮುಂದೆ ಮಣ್ಣಿನಲ್ಲಿ ಕೈಕಾಲು ಚೆಲ್ಲಿ ಮಲಗುತ್ತಾರೆ, ನಾಲಿಗೆ ಹೊರಚಾಚುತ್ತಾರೆ. ಹೆಂಡತಿ ನಗುತ್ತಾಳೆ, ಮಕ್ಕಳು ಬೆರಳಿನಲ್ಲೇ ಗುಂಡು ಹಾರಿಸುತ್ತವೆ. ಫೋಟೊ ತೆಗೆದುಕೊಡಿ ಎಂದು ಫೋನನ್ನು ಬಾಗಿಲಕ್ಕನ ಕೈಗೇ ಕೊಡುತ್ತಾರೆ. ಅವರು ತೆಗೆದುಕೊಡುತ್ತಾರೆ. ಆದರೆ ಮೊದಲಿಗೆ ತಪ್ಪದೆ ಒಂದು ಮಾತು ಹೇಳುತ್ತಾರೆ: "ಸ್ವಲ್ಪ ಈ ಕಡೆ ಬನ್ನಿ, ಇಲ್ಲಿ ಬೆಳಕು ಚೆನ್ನಾಗಿದೆ."

ನಲವತ್ತು ವರ್ಷದಲ್ಲಿ ಸಾವಿರಾರು ಜನ ಹೀಗೆ ನಿಜವಾದ ಜಾಗದಿಂದ ಎರಡು ಹೆಜ್ಜೆ ಆಚೆ ಮಲಗಿ ಎದ್ದು ಹೋಗಿದ್ದಾರೆ. ಒಬ್ಬರನ್ನು ಬಿಟ್ಟರೆ ಯಾರಿಗೂ ಗುಮಾನಿ ಬಂದಿಲ್ಲ. ಬಾಗಿಲಕ್ಕ ತಾವಾಗಿ ಯಾರಿಗೂ ಏನೂ ಹೇಳಿಯೂ ಇಲ್ಲ. "ದೂರದಿಂದ ಖುಷಿ ಪಡೋಕೆ ಬಂದಿರ್ತಾರೆ. ಅವರಿಗೇನು ಗೊತ್ತು? ಗೊತ್ತಿಲ್ಲದವರ ಮೇಲೆ ಏನಂತ ಸಿಟ್ಟು ಮಾಡ್ಕೊಳ್ಳಲಿ?"

ಸಿಟ್ಟು ಇದ್ದದ್ದು ಮಗಳಿಗೆ. ಆಕೆಗೀಗ ನಲವತ್ತೊಂದು, ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಮನೆಯಿಂದ ಅರ್ಧ ಗಂಟೆ ನಡೆದರೆ ಸಿಗುವ ಈ ಬೀದಿಗೆ ಬುದ್ಧಿ ಬಂದಾಗಿನಿಂದ ಕಳೆದ ವರ್ಷದವರೆಗೂ ಕಾಲಿಟ್ಟಿರಲಿಲ್ಲ. "ಎಲ್ಲರ ಅಪ್ಪಂದಿರ ಫೋಟೊದಲ್ಲಿ ಅಪ್ಪಂದಿರು ನಗ್ತಾ ಇರ್ತಾರೆ. ನಮ್ಮಪ್ಪನ್ನ ನೋಡಬೇಕು ಅಂದ್ರೆ ನಾನು ಟಿಕೆಟ್ ತಗೊಂಡು ಅವರು ಸಾಯೋದನ್ನ ನೋಡಬೇಕಾ?" ಎಂದು ಹದಿನಾರರ ವಯಸ್ಸಿನಲ್ಲಿ ಕೇಳಿದ್ದಳಂತೆ. ಮನೆಯಲ್ಲಿದ್ದದ್ದು ಮದುವೆಯ ಒಂದೇ ಫೋಟೊ. ಅದರಲ್ಲೂ ಅಪ್ಪ ತಲೆ ಬಗ್ಗಿಸಿದ್ದರು. ತಾಯಿಯೂ ಆ ಸಿನಿಮಾವನ್ನು ನೋಡಿದವರಲ್ಲ.

ಕಳೆದ ವರ್ಷ ಒಬ್ಬರು ಬಂದರು. ವಾಚ್ ರಿಪೇರಿ ಮಾಡಿ ಮಾಡಿ ಬೆನ್ನು ಬಾಗಿದ ಮುದುಕರು. ಆ ಸಿನಿಮಾವನ್ನು ಅರವತ್ತು ಸಲ ನೋಡಿದ್ದಾರಂತೆ. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡುವುದು. ದವಸದ ಮಳಿಗೆಯ ಮುಂದೆ ಅವರಿಗೂ ಬಾಗಿಲಕ್ಕ ತಮ್ಮ ಮಾಮೂಲಿ ಮಾತು ಹೇಳಿದರು. ಮುದುಕರು ತಲೆಯಾಡಿಸಿದರು.

"ಇಲ್ಲಮ್ಮ, ಇಲ್ಲಲ್ಲ. ಆ ಕಂಬದ ನೆರಳು ಅವನ ಭುಜದ ಮೇಲೆ ಬೀಳುತ್ತೆ. ಎರಡು ಹೆಜ್ಜೆ ಅತ್ತ ಹೋಗಬೇಕು, ಅಲ್ಲಿ." ಹೇಳುತ್ತಲೇ ಹೆಜ್ಜೆ ಎತ್ತಿದರು.

"ಬೇಡ" ಎಂದರು ಬಾಗಿಲಕ್ಕ. ಅಷ್ಟು ಜೋರಾಗಿ ಹೇಳಿದೆನೆಂದು ಅವರಿಗೇ ಆಶ್ಚರ್ಯವಾಯಿತಂತೆ. "ಅಲ್ಲಿ ಕಾಲಿಡಬೇಡಿ ಅಣ್ಣ. ಅವರು ನಮ್ಮನೆಯವರು. ಅವರು ಅವತ್ತು ಎದ್ದೇಳಲಿಲ್ಲ."

ಮುದುಕರು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಟೋಪಿ ತೆಗೆದರು. ಆಮೇಲೆ, "ಅರವತ್ತು ಸಲ ನೋಡಿದೀನಿ. ಅರವತ್ತು ಸಲವೂ ಶಭಾಷ್ ಅಂದಿದೀನಲ್ಲಮ್ಮ" ಎಂದರು. ಬಾಗಿಲಕ್ಕನೇ ನೀರು ತಂದುಕೊಟ್ಟು ಸಮಾಧಾನ ಹೇಳಬೇಕಾಯಿತು.

ಹೊರಡುವ ಮುಂಚೆ ಮುದುಕರು ಕೇಳಿದರು: "ಬೀಳೋದಕ್ಕೆ ಮುಂಚೆ ಇನ್ನೊಂದು ಕಡೆ ಅವರಿದ್ದಾರೆ. ಮುಖ ಚೆನ್ನಾಗಿ ಕಾಣುತ್ತೆ. ನೋಡಿದೀರಾ?"

ಜೈಲಿನ ಮೆಟ್ಟಿಲ ಮೇಲೆ ಕೂತು ಮುದುಕರ ಫೋನಿನಲ್ಲಿ ನೋಡಿದರು. ಕುದುರೆಗಳ ನೀರಿನ ತೊಟ್ಟಿಯ ಪಕ್ಕ ಗಂಡ ನಿಂತಿದ್ದಾರೆ. ಇಪ್ಪತ್ತೇಳರ ಮುಖ, ಹಣೆಯಲ್ಲಿ ಬೆವರು. ಕ್ಯಾಮೆರಾದಿಂದ ಸ್ವಲ್ಪ ಆಚೆಗೆ ಯಾರನ್ನೋ ನೋಡುತ್ತ ಬಾಯಿ ತೆರೆಯುತ್ತಾರೆ. ಒಡಕು ಗಂಟಲಿನ ಧ್ವನಿಯೊಂದು, "ಅವರು ಬರ್ತಿದ್ದಾರೆ, ಕುದುರೆ ಬಿಚ್ಚು, ಓಡು!" ಎನ್ನುತ್ತದೆ.

"ಇದು ಅವರ ಧ್ವನಿ ಅಲ್ಲ" ಎಂದರು ಬಾಗಿಲಕ್ಕ.

ಮುದುಕರು ವಿವರಿಸಿದರು. ಆಗಿನ ಇಂಥ ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಬೇರೆಯವರು ಕೂತು ಸೇರಿಸುತ್ತಿದ್ದರು. ಚಿಕ್ಕ ಪಾತ್ರದವರಿಗೆ ಸುಮ್ಮನೆ ತುಟಿ ಆಡಿಸಿದರೆ ಸಾಕು ಎನ್ನುತ್ತಿದ್ದರು. ಬಾಗಿಲಕ್ಕ ಸದ್ದು ನಿಲ್ಲಿಸಲು ಹೇಳಿದರು. ಮತ್ತೆ ನೋಡಿದರು. ಮೂರನೆಯ ಸಲ ನೋಡುವಾಗ ಬಾಗಿಲಕ್ಕನ ತುಟಿಯೂ ಗಂಡನ ತುಟಿಯ ಜೊತೆಯಲ್ಲೇ ಆಡಿತು.

ಆ ದಿನ ಅವರಿಗೆ ನೆನಪಿತ್ತು. ಹೊಟ್ಟೆ ಹೊತ್ತುಕೊಂಡು ಹಗ್ಗದ ಹಿಂದೆ, ನಡುಮಧ್ಯಾಹ್ನ, ಗಂಡನನ್ನು ನೋಡುತ್ತ ನಿಂತಿದ್ದರು. ಏನಾದರೂ ಮಾತಾಡು ಎಂದು ಕಂಪನಿಯವರು ಹೇಳಿದಾಗ ಅವರು ಹೆಂಡತಿಯತ್ತ ತಿರುಗಿ ಮನಸ್ಸಿಗೆ ಬಂದದ್ದನ್ನೇ ಹೇಳಿದ್ದರು. "ಬಿಸಿಲಲ್ಲಿ ನಿಂತ್ಕೋಬೇಡ ಕಣೆ. ಮನೆಗೆ ಹೋಗಿ ಊಟ ಮಾಡು."

"ಅವರ ಮಾತು ಕೇಳ್ದೆ" ಎನ್ನುತ್ತಾರೆ ಬಾಗಿಲಕ್ಕ. "ಮಾರನೇ ದಿನದಿಂದ ನೋಡೋಕೆ ಹೋಗಲೇ ಇಲ್ಲ. ಹೋಗಿದ್ರೆ ಪೆಟ್ಟಿಗೆ ಸರಿಸಿದ್ದು ನನ್ನ ಕಣ್ಣಿಗೆ ಬೀಳ್ತಿತ್ತೋ ಏನೋ. ಕೂಗಿಕೊಳ್ತಿದ್ನೋ ಏನೋ. ಅದೊಂದು ಯೋಚನೆ ಮಾತ್ರ ಬಿಟ್ಟು ಹೋಗಲ್ಲ."

ಮುದುಕರು ಆ ಚೂರನ್ನು ಮಾತ್ರ ಕತ್ತರಿಸಿ ಮಗಳ ಫೋನಿಗೆ ಕಳಿಸಿದರು. ಅಂದು ಸಂಜೆ ಅಡುಗೆಮನೆಯಲ್ಲಿ, ಕೆಲಸದಿಂದ ಬಂದು ಕೈಯನ್ನೂ ತೊಳೆಯದೆ ಮಗಳು ಅದನ್ನು ನೋಡಿದಳು. ಸದ್ದು ನಿಲ್ಲಿಸಿ ತಾಯಿ ಪಕ್ಕದಲ್ಲಿ ಕೂತು ಆ ಮಾತನ್ನು ತಮ್ಮ ಬಾಯಿಂದ ಹೇಳಿದರು. ಒಂದು ಸಲ, ಎರಡು ಸಲ. ಐದನೆಯ ಸಲಕ್ಕೆ ಮಗಳು ಕೇಳಿದಳು:

"ಇದು ನಾನು ಹುಟ್ಟೋಕೆ ಎಷ್ಟು ದಿನ ಮುಂಚೆ?"

"ಇಪ್ಪತ್ತೊಂದು ದಿನ."

"ಹಾಗಾದ್ರೆ ನಾನೂ ಅಲ್ಲಿದ್ದೆ. ಹೋಗು ಅಂದಿದ್ದು ನನಗೂ ಸೇರಿಸಿ."

ಮುಂದಿನ ರಜೆಯ ದಿನ ಮಗಳು ಬಂದಳು. ಹಿಟ್ಟು ನಾದಿ ಗಟ್ಟಿಯಾದ ಕೈ. ಹದಿನೈದು ಕೊಡ ನೀರು ಅವಳೇ ಹೊತ್ತಳು. ದವಸದ ಮಳಿಗೆಯ ಹತ್ತಿರ ಮಾತ್ರ ಹೋಗಲಿಲ್ಲ. ತಾಯಿ ಗುಡಿಸಿ ಮುಗಿಸುವವರೆಗೆ ಕೊಡ ಹಿಡಿದುಕೊಂಡು ದೂರದಲ್ಲೇ ನಿಂತಿದ್ದು, ಆಮೇಲೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಮನೆಗೆ ಹೋದಳು. ಮತ್ತೆ ಬಂದಿಲ್ಲ. ಬಾಗಿಲಕ್ಕ ಬಾ ಎಂದು ಒತ್ತಾಯಿಸುವುದೂ ಇಲ್ಲ.

ಬರುವ ವರ್ಷ ಬಾಗಿಲಕ್ಕನ ಕೆಲಸ ಮುಗಿಯುತ್ತದೆ. ಮಂಡಿ ಕೇಳುವುದಿಲ್ಲ, ಬೀದಿಯನ್ನು ನೋಡಿಕೊಳ್ಳುವ ಕಚೇರಿಯವರು ಬೇರೆ ಆಳು ಹುಡುಕುತ್ತಿದ್ದಾರೆ. ಹೊಸಬರು ಬಂದರೆ ಫೋಟೊಗೆ ಜನರನ್ನು ಆಚೆ ಕರೆಯುವವರು ಯಾರು ಎಂಬುದೇ ಈಗ ಅವರ ಚಿಂತೆ. ಅದಕ್ಕಾಗಿ ಕಚೇರಿಗೆ ಮೂರು ಸಲ ಹೋಗಿ ಬಂದಿದ್ದಾರೆ. ಸಿನಿಮಾದಲ್ಲಿ ಇಲ್ಲದ್ದನ್ನು ಬೀದಿಯಲ್ಲಿ ಇಡುವಂತಿಲ್ಲ ಎಂದು ಮೂರು ಸಲವೂ ಮರ್ಯಾದೆಯಿಂದಲೇ ಕಳಿಸಿದ್ದಾರೆ. ನಾಲ್ಕನೆಯ ಸಲ ಹೋಗುವವರಿದ್ದಾರೆ.

"ಕಲ್ಲು ಕೆತ್ತಿಸಿ ಹೆಸರು ಹಾಕಿ ಅಂತ ನಾನು ಕೇಳ್ತಿಲ್ಲ" ಎಂದು ಬಾಗಿಲಕ್ಕ ಕೊನೆಯ ಕೊಡವನ್ನು ಮಳಿಗೆಯ ಮುಂದೆ, ಕೈಯಲ್ಲಿ ಸ್ವಲ್ಪಸ್ವಲ್ಪವೇ ಚಿಮುಕಿಸುತ್ತಾರೆ. "ಆ ಜಾಗದಲ್ಲಿ ಒಂದು ಮರದ ಬೆಂಚು ಹಾಕಿಸಿಕೊಡ್ಲಿ, ಸಾಕು. ಬೆಂಚಿದ್ರೆ ಬಂದವರು ಅಲ್ಲಿ ಬೀಳಲ್ಲ. ಕೂತ್ಕೋತಾರೆ."