ಹೂಂಗುಟ್ಟುವವಳು

ಅತ್ತಿಗುಪ್ಪೆಯ ಮುನಿಯಣ್ಣನ ವಠಾರದಲ್ಲಿ ಎಂಟು ಮನೆಗಳು. ಕೊನೆಯ ಮನೆಯಿಂದ ಸಂಜೆ ದೀಪ ಹಚ್ಚಿದ ಮೇಲೆ ಎರಡು ದನಿಗಳು ಕೇಳಿಸುತ್ತಿದ್ದವು. ಒಂದು ಉದ್ದನೆಯದು, ಏರಿ ಇಳಿದು ಸುತ್ತಿ ಬರುವಂಥದು. ಅದು ಲಿಂಗಮ್ಮನದು. ಇನ್ನೊಂದು ಬಲು ಗಿಡ್ಡ, ಅರ್ಧ ಉಸಿರಿನದು. ಅದು ಅವಳ ಸೊಸೆ ರಾಮಕ್ಕನದು. ಲಿಂಗಮ್ಮ ಕಥೆ ಹೇಳುತ್ತಿದ್ದಳು, ರಾಮಕ್ಕ ಹೂಂಗುಟ್ಟುತ್ತಿದ್ದಳು.

ರಾಮಕ್ಕ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಎಪ್ಪತ್ತಾರನೇ ಇಸವಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಮಕ್ಕಳಾಗಿರಲಿಲ್ಲ. ಗಂಡ ಅಂಜಿನಯ್ಯ ಲಾರಿ ಡ್ರೈವರು. ಬಿನ್ನಿಪೇಟೆಯಿಂದ ಬಟ್ಟೆಯ ಬೇಲುಗಳನ್ನು ತುಂಬಿಕೊಂಡು ಸೊಲ್ಲಾಪುರ, ಪುಣೆ ಎಂದು ಹೊರಟರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯೆಂದರೆ ಒಂದು ಕೋಣೆ, ಮೂಲೆಯಲ್ಲಿ ಒಲೆ, ಎದೆಯೆತ್ತರದಲ್ಲಿ ಒಂದು ಕಿಟಕಿ. ಆರು ವರ್ಷದ ಹಿಂದೆ ಲಿಂಗಮ್ಮನ ಎರಡೂ ಕಣ್ಣು ಪೂರ್ತಿ ಹೋದ ಮೇಲೆ ಆ ಕೋಣೆ ಇನ್ನೂ ಚಿಕ್ಕದಾಯಿತು. ರಾಮಕ್ಕ ನಲ್ಲಿಗೆ ಹೋದರೆ ಲಿಂಗಮ್ಮ ಬಾಗಿಲ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಹಿಂದಿರುಗಿದ ಹೆಜ್ಜೆ ಕೇಳುವವರೆಗೆ ಮುಖ ತಿರುಗುತ್ತಿರಲಿಲ್ಲ.

ಲಿಂಗಮ್ಮನ ಕಥೆಗಳಿಗೆ ಕಟ್ಟಳೆಗಳಿದ್ದವು. ಅವಳ ಅಜ್ಜಿಯಿಂದ ಕಥೆಗಳ ಜೊತೆಗೇ ಬಂದವು. ಕೇಳುವವರು ಹೂಂ ಅನ್ನದೆ ಕಥೆ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. ನಡುವೆ ಎದ್ದು ಹೋಗುವಂತಿಲ್ಲ, ಹೋದರೆ ಕಥೆಯೊಳಗಿನವರು ಎಲ್ಲಿದ್ದಾರೋ ಅಲ್ಲೇ ನಿಂತುಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಹಗಲಿನಲ್ಲಿ ಕಥೆ ಹೇಳಕೂಡದು. ಹಗಲು ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ. ಮಗ ಸದಾ ದಾರಿಯಲ್ಲೇ ಇರುವ ಮನೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಕಣ್ಣು ಹೋದ ಮೇಲೆ ಲಿಂಗಮ್ಮ ಪ್ರತಿ ಸಂಜೆ ಕೇಳುತ್ತಿದ್ದಳು: "ದೀಪ ಹಚ್ಚಾಯ್ತಾ?" ರಾಮಕ್ಕ "ಹಚ್ಚಾಯ್ತು" ಅಂದ ಮೇಲೇ ಮೊದಲ ಮಾತು ಹೊರಡುತ್ತಿತ್ತು.

ಆ ಕಥೆಗಳಲ್ಲಿ ಎಲ್ಲದಕ್ಕೂ ನ್ಯಾಯವಿತ್ತು. ಇರುವೆಗೆ ಅಕ್ಕಿ ಹಾಕಿದವನನ್ನು ಇರುವೆ ಮರೆಯುತ್ತಿರಲಿಲ್ಲ. ಮಾತು ಕೊಟ್ಟವಳು ಹುಲಿಯ ಬಾಯಿಗಾದರೂ ಹೋಗಿ ಮಾತು ಉಳಿಸಿಕೊಳ್ಳುತ್ತಿದ್ದಳು. ಬರೀ ಸೊಸೆಯರ ಪಾಲಿಗೆ ನ್ಯಾಯ ನಿಧಾನ. ಅವರು ಕಾಯಬೇಕಿತ್ತು. ಲಿಂಗಮ್ಮನಿಗೆ ಪ್ರೀತಿಯ ಕಥೆಯೊಂದಿತ್ತು. ಏಳು ಜನ ಸೊಸೆಯರಲ್ಲಿ ಕಿರಿಯವಳು ಅತ್ತೆಯನ್ನು ಕೇಳದೆ ಕೆರೆಗೆ ಇಳಿದ ಬಿಳಿ ಹಕ್ಕಿ ನೋಡಲು ಹೋದಳು. ಸಿಟ್ಟಾದ ಅತ್ತೆ ಅವಳನ್ನು ಹಗೇವಿಗೆ, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿಸಿ ಮೇಲೆ ಕಲ್ಲು ಮುಚ್ಚಿದಳು. ಏಳು ಸಮುದ್ರದಾಚೆ ವ್ಯಾಪಾರಕ್ಕೆ ಹೋಗಿದ್ದ ಗಂಡ ಬರುವವರೆಗೆ ಅವಳು ಒಂದೊಂದೇ ರಾಗಿ ಕಾಳು ತಿಂದು, ಯಾರನ್ನೂ ಬೈಯದೆ, ಕತ್ತಲಲ್ಲಿ ಕೂತಿದ್ದಳು. ಗಂಡ ಬಂದ, ಕಲ್ಲು ಎತ್ತಿದ, ಅವಳ ಮೈ ಬಂಗಾರದ ಬಣ್ಣವಾಗಿತ್ತು.

ಮೊದಲ ಸಲ ಕೇಳಿದಾಗ ರಾಮಕ್ಕ ಕಣ್ಣೊರೆಸಿಕೊಂಡಿದ್ದಳು. ನೂರನೆಯ ಸಲವೋ ಏನೋ, ಕೇಳಿಯೇಬಿಟ್ಟಳು:

"ಅತ್ತೆ, ಹಗೇವಿನೊಳಗೆ ಗಾಳಿ ಇರಲ್ಲ. ನಮ್ಮೂರಲ್ಲಿ ಇಳಿಯೋಕೆ ಮುಂಚೆ ದೀಪ ಬಿಟ್ಟು ನೋಡ್ತಿದ್ರು. ಅವಳು ಹೆಂಗೆ ಬದುಕಿದ್ಲು?"

"ಕಥೇಲಿ ಹಂಗೆಲ್ಲ ಕೇಳಬಾರ್ದು ಕಣೇ. ಹೂಂ ಅನ್ನು."

"ಹೂಂ."

ಹಿಂದಿನ ವರ್ಷ ವಿಜಯನಗರದ ಮಹಿಳಾ ಸಮಾಜದವರು ಅರ್ಧಕ್ಕೆ ಶಾಲೆ ಬಿಟ್ಟ ಹೆಂಗಸರಿಗೆ ಮಧ್ಯಾಹ್ನದ ಪಾಠ ಶುರು ಮಾಡಿದ್ದರು. ಪಾಠ ಹೇಳುತ್ತಿದ್ದವರು ಪಂಕಜಾ ಮೇಡಂ. ಏಳನೇ ತರಗತಿ ಪಾಸಾದರೆ ಜೂನ್‌ನಲ್ಲಿ ಸಮಾಜದ ಶಿಶುವಿಹಾರದಲ್ಲಿ ಒಂದು ಕೆಲಸ ಸಿಗುವುದಿತ್ತು. ರಾಮಕ್ಕ ಐದನೇ ತರಗತಿ ಮುಗಿಸಿದ್ದಳು. ಉಂಡ ಮೇಲೆ ಲಿಂಗಮ್ಮ ಎರಡು ಗಂಟೆ ನಿದ್ದೆ ಮಾಡುವಾಗ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹೊಸಿಲು ದಾಟುತ್ತಿದ್ದಳು. ಹೊಸ ಬಡಾವಣೆಯ ಅರ್ಧ ಕಟ್ಟಿದ ಮನೆಗಳ ನಡುವೆ, ಜಲ್ಲಿ ರಾಶಿಗಳನ್ನು ಸುತ್ತಿ, ಓಡಿಯೇ ಹೋಗುತ್ತಿದ್ದಳು. ಬರುವಾಗಲೂ ಓಟವೇ.

ಓದಲು ಮನೆಯಲ್ಲಿ ಹೊತ್ತು ಸಿಗುತ್ತಿದ್ದುದು ಕಥೆಯ ವೇಳೆಯಲ್ಲಿ ಮಾತ್ರ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಲಾಟೀನಿನ ಬೆಳಕಲ್ಲಿ ಸಾಲಿನ ಮೇಲೆ ಬೆರಳೋಡಿಸುತ್ತ ಅವಳು ಹೂಂಗುಟ್ಟುತ್ತಿದ್ದಳು. ಕುರುಡಿಗೆ ಮೋಸ ಮಾಡುತ್ತಿದ್ದೇನೆ ಎಂದು ಮೊದಮೊದಲು ಅಳುಕುತ್ತಿದ್ದಳು. ಆಮೇಲೆ ಅದೂ ರೂಢಿಯಾಯಿತು. ಆದರೆ ಲಿಂಗಮ್ಮನ ಕಿವಿ ಬಲು ಚುರುಕು.

"ಯಾಕೆ ಹೂಂ ತಡ ಆಯ್ತು?"

"ಇಲ್ಲೇ ಇದೀನಲ್ಲ ಅತ್ತೆ."

"ಮೈ ಇಲ್ಲೈತೆ. ಹೇಳು, ಈಗ ರಾಜನ ಮನೆಗೆ ಯಾರು ಬಂದ್ರು?"

ರಾಮಕ್ಕ ಕಣ್ಣು ಪುಸ್ತಕದಿಂದ ಎತ್ತಿದಳು. ಕಾವೇರಿಯ ಉಪನದಿಗಳು ತಲೆಯಲ್ಲಿದ್ದವು. "ಸನ್ಯಾಸಿ ಬಂದ."

"ಸನ್ಯಾಸಿ ಹೋಗಿ ಒಂಬತ್ತು ತಿಂಗ್ಳು ಆಯ್ತು! ಮಾವಿನ ಹಣ್ಣು ತಿಂದ ರಾಣಿ ಬಸುರಾಗಿ ಸೂಲಗಿತ್ತಿ ಬಂದು ಕೂತವ್ಳೆ." ಲಿಂಗಮ್ಮ ಕಥೆಯನ್ನು ಅಲ್ಲಿಗೇ ಬಿಟ್ಟಳು. ಬಸುರಿನ ಮಾತು ಬಂದಾಗ ಅವಳು ಹೀಗೆ ನಿಲ್ಲಿಸುವುದಿತ್ತು. ಆಮೇಲೆ ಮೆಲ್ಲಗೆ ಅಂದಳು, "ಅದೇನು ಸರಬರ ಸದ್ದು ರಾಮಕ್ಕ? ಮನೇಲಿ ಇಲಿ ಆಗೈತಾ?"

"ಹೂಂ ಅತ್ತೆ."

"ದೊಡ್ಡಿಲಿ ಇರ್ಬೇಕು. ಹಾಳೆ ಹಾಳೆನೇ ತಿಂತೈತೆ."

ಅತ್ತೆಗೆ ಗೊತ್ತಿತ್ತೆಂಬುದು ರಾಮಕ್ಕನಿಗೆ ಅಂದೇ ಗೊತ್ತಾಯಿತು. ಆದರೂ ಇಬ್ಬರೂ ಅದನ್ನು ಹೆಸರಿಟ್ಟು ಕರೆಯಲಿಲ್ಲ. ಅಂಜಿನಯ್ಯನಿಗೆ ರಾಮಕ್ಕ ಪರೀಕ್ಷೆಯ ವಿಚಾರ ಮೊದಲೇ ಹೇಳಿದ್ದಳು. ಅವನು ಲಾರಿಗೆ ಹಗ್ಗ ಬಿಗಿಯುತ್ತ, "ಅಮ್ಮ ಒಪ್ಪಿದ್ರೆ ಬರಿ, ನಂದೇನು?" ಅಂದು ಹೊರಟುಹೋಗಿದ್ದ. ಅದು ಒಪ್ಪಿಗೆಯೂ ಆಗಿರಲಿಲ್ಲ, ಬೇಡವೆಂಬುದೂ ಆಗಿರಲಿಲ್ಲ. ಬೀಗದ ಕೈಯನ್ನು ಅಮ್ಮನ ಸೆರಗಿಗೆ ಕಟ್ಟಿ ಹೋದ ಹಾಗಿತ್ತು.

ಪರೀಕ್ಷೆ ಏಪ್ರಿಲಿನಲ್ಲಿ, ಮೂರು ದಿನ, ಬೆಳಗ್ಗೆ ಹತ್ತರಿಂದ. ಹಿಂದಿನ ಸಂಜೆ ರಾಮಕ್ಕ ಧೈರ್ಯ ಮಾಡಿದಳು.

"ಅತ್ತೆ, ನಾಳೆಯಿಂದ ಮೂರು ದಿನ ಬೆಳಗ್ಗೆ ಹೋಗ್ಬೇಕು. ಒಂದು ಗಂಟೆಗೆಲ್ಲ ಬಂದ್ಬಿಡ್ತೀನಿ. ಪಕ್ಕದ ಚಿಕ್ಕಗಂಗಮ್ಮ ಬಂದು ನೋಡ್ಕೋತೀನಿ ಅಂದವ್ಳೆ."

ಲಿಂಗಮ್ಮ ಅಂದು ದೀಪ ಹಚ್ಚಾಯಿತಾ ಎಂದು ಕೇಳಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಕಥೆಯಿಲ್ಲದ ಸಂಜೆ ಕಳೆಯಿತು. ರಾಮಕ್ಕನಿಗೆ ಓದಲು ಬೇಕಾದಷ್ಟು ಹೊತ್ತಿತ್ತು, ಒಂದು ಸಾಲೂ ತಲೆಗೆ ಹೋಗಲಿಲ್ಲ.

ಬೆಳಗ್ಗೆ ಒಂಬತ್ತು ಗಂಟೆ. ಲಿಂಗಮ್ಮನಿಗೆ ಮುದ್ದೆ ಉಣ್ಣಿಸಿ, ಕೈ ತೊಳೆಸಿ, ನೀರಿನ ಚೊಂಬನ್ನು ಎಡಗೈಗೆ ಸಿಗುವಂತೆ ಇಟ್ಟಾಗಿತ್ತು. ಕಿಟಕಿಯಿಂದ ಬಿಸಿಲು ಬಂದು ಲಿಂಗಮ್ಮನ ಪಾದದ ಮೇಲೆ ಬಿದ್ದಿತ್ತು. ರಾಮಕ್ಕ ಪೆನ್ನು, ಅಡಿಪಟ್ಟಿ, ಪರೀಕ್ಷೆಯ ಚೀಟಿ ಎಲ್ಲವನ್ನೂ ಕರವಸ್ತ್ರದಲ್ಲಿ ಸುತ್ತಿ ಬಾಗಿಲಿಗೆ ಬಂದಳು. ಆಗ ಹಿಂದಿನಿಂದ ದನಿ ಕೇಳಿಸಿತು.

"ಒಂದೂರಲ್ಲಿ ಒಬ್ಬ ಶೆಟ್ಟಿ. ಅವನಿಗೆ ಏಳು ಜನ ಗಂಡುಮಕ್ಕಳು, ಏಳು ಜನ ಸೊಸೆಯರು."

ರಾಮಕ್ಕ ಗಕ್ಕನೆ ನಿಂತಳು. ದೀಪದ ಮಾತೇ ಇರಲಿಲ್ಲ. ಹೊತ್ತು ತಿಳಿಯದೆ ಶುರುಮಾಡಿದಳೆನ್ನಲು ಬಿಸಿಲು ಅವಳ ಕಾಲನ್ನೇ ಸುಡುತ್ತಿತ್ತು.

"ಅತ್ತೆ! ಇದು ಬೆಳಗ್ಗೆ. ನಿಮ್ಮ ಮಗ ದಾರೀಲವ್ರೆ."

"ಕಿರಿ ಸೊಸೆ ಯಾರನ್ನೂ ಕೇಳ್ದೆ ಕೆರೆ ತಾವ ಹೋದ್ಲು." ಲಿಂಗಮ್ಮ ನಿಲ್ಲಲಿಲ್ಲ. ಹೂಂಗೆ ಕಾಯದೆ ಅವಳು ಕಥೆಯನ್ನು ಎಳೆದುಕೊಂಡು ಓಡುತ್ತಿದ್ದಳು. "ಅತ್ತೆಗೆ ಸಿಟ್ಟು ಬಂತು. ಹಗೇವಿಗೆ ಇಳಿಸಿದ್ಲು. ಕಲ್ಲು ಮುಚ್ಚಿದ್ಲು."

ಅಲ್ಲಿ ನಿಲ್ಲಿಸಿದಳು. ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ ಕಾದಳು.

ರಾಮಕ್ಕನ ನಾಲಿಗೆಯ ತುದಿಗೆ ಅದು ಬಂದಿತ್ತು. ಹನ್ನೊಂದು ವರ್ಷದಿಂದ ತಾನಾಗಿ ಬರುತ್ತಿದ್ದುದು, ಕೆಮ್ಮಿನ ಹಾಗೆ, ಆಕಳಿಕೆಯ ಹಾಗೆ. ಹೂಂ ಅಂದರೆ ಕಥೆ ಮುಂದೆ ಹೋಗುತ್ತದೆ, ಮುಗಿಯುವವರೆಗೆ ಅವಳು ಕೂರಬೇಕು. ಲಿಂಗಮ್ಮ ಮನಸ್ಸು ಮಾಡಿದರೆ ಕಥೆಯೊಳಗಿನ ಗಂಡನನ್ನು ಏಳು ಸಮುದ್ರದಲ್ಲೂ ಏಳೇಳು ದಿನ ನಿಲ್ಲಿಸಬಲ್ಲಳು. ಮಧ್ಯಾಹ್ನವಾಗಿಬಿಡುತ್ತದೆ. ಅನ್ನದೆ ಹೋದರೆ ಆ ಹುಡುಗಿ ಕಲ್ಲಿನ ಕೆಳಗೆ, ಗಾಳಿಯಿಲ್ಲದಲ್ಲಿ, ಹಾಗೇ.

"ಹೂಂ ಅನ್ನೇ," ಅಂದಳು ಲಿಂಗಮ್ಮ. ಅದು ಅಪ್ಪಣೆಯಂತಿರಲಿಲ್ಲ. ಕತ್ತಲಲ್ಲಿ ಗೋಡೆ ತಡಕುವವಳ ಕೈಯಂತಿತ್ತು. "ಇದೀಯಾ, ರಾಮಕ್ಕ?"

ರಾಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹೊಸಿಲು ದಾಟಿದಳು. ಅಂದು ಚಪ್ಪಲಿ ಕೈಯಲ್ಲಿರಲಿಲ್ಲ, ಕಾಲಲ್ಲೇ ಇತ್ತು. ಅದರ ಸದ್ದು ವಠಾರದುದ್ದಕ್ಕೂ ಕೇಳಿಸಿತು.

ಶಾಲೆಯ ಮಕ್ಕಳ ಬೆಂಚು ಅವಳ ಮೊಣಕಾಲಿಗೆ ತಾಗುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದು ಅರ್ಧ ಗಂಟೆಯಾದರೂ ಅವಳು ತನ್ನ ನಂಬರು ಮಾತ್ರ ಬರೆದಿದ್ದಳು. ಕಣ್ಣು ಮುಚ್ಚಿದರೆ ಹಗೇವಿನ ಕತ್ತಲು. ಅದರೊಳಗೆ ಕಿರಿ ಸೊಸೆ ಕಾಣಲಿಲ್ಲ, ಬಾಗಿಲ ಕಡೆ ಮುಖ ಮಾಡಿ ಕೂತ ಮುದುಕಿಯೊಬ್ಬಳು ಕಾಣುತ್ತಿದ್ದಳು. ಕಣ್ಣು ತೆರೆದರೆ ಸೊಲ್ಲಾಪುರದ ರಸ್ತೆ, ದಾರಿ ಕಾಣದೆ ನಿಂತ ಲಾರಿ. ಮುಂದಿನ ಬೆಂಚಿನವಳು ಹಾಳೆ ಬೇಕೆಂದು ಎದ್ದು ನಿಂತಾಗ ರಾಮಕ್ಕನಿಗೆ ಎಚ್ಚರವಾಯಿತು. ಬಂದಾಯಿತಲ್ಲ, ಇನ್ನು ಬರೆಯದೆ ಹೋದರೆ ಅತ್ತೆಯನ್ನೂ ಹಗೇವಿನ ಹುಡುಗಿಯನ್ನೂ ಬಿಟ್ಟು ಬಂದದ್ದು ಯಾತಕ್ಕೆ ಎಂದು ತನ್ನನ್ನೇ ಬೈದುಕೊಂಡು ಪೆನ್ನಿನ ಮುಚ್ಚಳ ತೆಗೆದಳು.

ಮನೆಗೆ ಬಂದಾಗ ಒಂದೂವರೆ. ಬಾಗಿಲಲ್ಲೇ ಚಿಕ್ಕಗಂಗಮ್ಮ ಸಿಕ್ಕಿದಳು. "ಏನಮ್ಮ ನಿಮ್ಮತ್ತೆ! ಕಾಫಿ ತಂದ್ರೆ ಮುಟ್ಟಲಿಲ್ಲ. ಎಲ್ಲಾ ದೇವರಿಗೂ ಹರಕೆ ಹೊತ್ಕೊಂಡು ಕೂತವ್ಳೆ. ಯಾಕೆ, ಪರೀಕ್ಷೆ ಬರ್ದೋಳು ನೀನೋ ಅವಳೋ?"

ಲಿಂಗಮ್ಮ ಅದೇ ಜಾಗದಲ್ಲಿ ಕೂತಿದ್ದಳು. ಬಿಸಿಲು ಮಾತ್ರ ಹೊರಟುಹೋಗಿತ್ತು.

"ಅಂಜಿನಿ ಇವತ್ತು ಬರ್ತೀನಿ ಅಂದಿದ್ದ ಅಲ್ವಾ?"

"ಹೌದು ಅತ್ತೆ."

"ಬರಲ್ಲ. ನಾನೇ ದಾರಿ ತಪ್ಪಿಸ್ದೆ." ಬತ್ತಿದ ಕಣ್ಣುಗಳಲ್ಲಿ ನೀರಿತ್ತು. "ಹೊತ್ತು ನಂಗೆ ಗೊತ್ತಿತ್ತು ಕಣೇ. ಗೊತ್ತಿದ್ದೇ ಹೇಳ್ದೆ."

ರಾಮಕ್ಕನಿಗೆ ದಾರಿಯುದ್ದಕ್ಕೂ ಆಡಬೇಕೆಂದುಕೊಂಡ ಮಾತುಗಳಿದ್ದವು, ಕಹಿಯಾದವು. ಅವನ್ನೆಲ್ಲ ಬಿಟ್ಟು ಅವಳು ಎದುರಿಗೆ ಕೂತು ಆ ಒಣ ಕೈಗಳನ್ನು ಹಿಡಿದುಕೊಂಡಳು.

"ನೀವು ಎಲ್ಲಿ ಹೇಳಿದ್ರಿ ಅತ್ತೆ? ನಾನು ಹೂಂ ಅನ್ನಲಿಲ್ಲವಲ್ಲ. ಹೂಂ ಇಲ್ದಿದ್ದು ಕಥೆ ಆಗುತ್ತಾ? ನಿಮ್ಮ ಅಜ್ಜಿ ಹೇಳಿದ್ದು ಅಂತ ನೀವೇ ಅಂತಿದ್ರಿ."

ಲಿಂಗಮ್ಮ ನೆನಪಿನಲ್ಲೆಲ್ಲೋ ಅಜ್ಜಿಯನ್ನು ಕೇಳಿ ಬಂದಂತೆ ತಲೆದೂಗಿದಳು. "ಹೌದಲ್ವಾ? ನೀನು ಅನ್ನಲಿಲ್ಲ."

"ಅನ್ನಲಿಲ್ಲ."

"ಬಾಯೊಳಗೂ ಅನ್ನಲಿಲ್ವಾ?"

"ಸೆರಗು ಇಟ್ಕೊಂಡಿದ್ದೆ."

ಆಮೇಲೆ ಮುದುಕಿ ಒಂದು ಲೋಟ ನೀರು ಕುಡಿದಳು.

ಆ ಸಂಜೆ ಲಾರಿ ಬರಲಿಲ್ಲ. ದೀಪ ಹಚ್ಚಿದ ಮೇಲೆ ರಾಮಕ್ಕನೇ ಹತ್ತಿರ ಬಂದು ಕೂತು, ಬೆಳಗ್ಗೆ ನಿಂತಿದ್ದ ಜಾಗದಿಂದ ಕಥೆಯನ್ನು ಎತ್ತಿಕೊಟ್ಟಳು. "ಹೂಂ. ಕಲ್ಲು ಮುಚ್ಚಿದ್ಲು. ಆಮೇಲೆ?" ಲಿಂಗಮ್ಮ ಹೇಳಿದಳು, ಎಂದಿನಂತೆಯೇ, ಒಂದೊಂದು ಕಾಳು, ಒಂದೊಂದು ಸಮುದ್ರ. ಗಂಡ ಬಂದು ಕಲ್ಲೆತ್ತುವಲ್ಲಿ ಅವಳ ದನಿ ಒಡೆಯಿತು.

"ಅವನು ಬರೋದು ತಡ ಆಗಿದ್ರೆ ಅತ್ತೆ?"

"ತಡ ಆಗಿದ್ರೆ ನಾನೇ ತೆಗೀತಿದ್ದೆ," ಅಂದುಬಿಟ್ಟಳು ಲಿಂಗಮ್ಮ. ತಕ್ಷಣ ಸೇರಿಸಿದಳು, "ಅಂದ್ರೆ, ಆ ಅತ್ತೆ. ಕಥೆ ಅತ್ತೆ."

"ಹೂಂ," ಅಂದಳು ರಾಮಕ್ಕ.

ಎರಡನೆಯ ದಿನವೂ ಚಪ್ಪಲಿ ಸದ್ದು ಮಾಡಿಯೇ ಹೋದಳು. ಲಿಂಗಮ್ಮ ಕಥೆ ಶುರುಮಾಡಲಿಲ್ಲ. ಅಂದು ಸಂಜೆ ಐದಕ್ಕೆ ಬೀದಿಯ ತುದಿಯಲ್ಲಿ ಹಾರನ್ ಕೇಳಿಸಿತು. ಅಂಜಿನಯ್ಯ ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಒಳಗೆ ಬಂದ. ತಾಯಿ ಅವನ ಮುಖವನ್ನು ಎರಡೂ ಕೈಯಿಂದ ಸವರಿ ನೋಡಿದಳು.

"ದಾರಿ ತಪ್ಪಿದ್ಯಾ ಮಗ?"

"ಹದಿನೈದು ವರ್ಷ ಓಡಿಸಿರೋ ರಸ್ತೇಲಿ ದಾರಿ ತಪ್ತಾರೇನಮ್ಮ? ಹಿಂದಿನ ಆಕ್ಸಲ್ ಮುರೀತು, ಚಿತ್ರದುರ್ಗದ ಹತ್ರ. ಯಾಕೆ, ಏನಾಯ್ತು ಇಲ್ಲಿ?"

"ಏನಿಲ್ಲ," ಅಂದಳು ಲಿಂಗಮ್ಮ. "ಏನಿಲ್ಲ," ಅಂದಳು ರಾಮಕ್ಕ. ಎರಡೂ ಒಂದೇ ಸಲ ಬಂದವು. ಆ ಬೆಳಗಿನ ಸಂಗತಿ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೂರನೆಯ ದಿನ ಅವನು ಇನ್ನೂ ಮಲಗಿಯೇ ಇದ್ದ. ರಾಮಕ್ಕ ಚೊಂಬಿನಲ್ಲಿ ನೀರಿಟ್ಟು, ಕರವಸ್ತ್ರದ ಗಂಟು ಹಿಡಿದು ಎದ್ದಳು. ಕೋಣೆ ಅಷ್ಟೇ ಚಿಕ್ಕದಿತ್ತು. ಪಾಸಾದರೂ ಜೂನ್‌ನಲ್ಲಿ ಈ ಹೊಸಿಲನ್ನು ದಿನಾ ಹೀಗೇ ದಾಟಬೇಕು, ಈ ಮುಖ ದಿನಾ ಹೀಗೇ ಬಾಗಿಲ ಕಡೆ ತಿರುಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಇವತ್ತು ಯಾವ್ದು?" ಲಿಂಗಮ್ಮ ಕೇಳಿದಳು.

"ಲೆಕ್ಕ."

"ಕಷ್ಟಾನಾ?"

"ಭಿನ್ನರಾಶಿ ಒಂದು ಬರಲ್ಲ."

ಲಿಂಗಮ್ಮನಿಗೆ ಅದು ಏನೆಂದು ತಿಳಿಯದು. ರಾಮಕ್ಕ ಹೊಸಿಲ ಆಚೆ ಒಂದು ಕಾಲಿಟ್ಟು, "ಹೋಗ್ಬರ್ತೀನಿ ಅತ್ತೆ" ಅಂದಳು. ಹೇಳಿ ಅಲ್ಲೇ ನಿಂತಳು. ಒಳಗಿನಿಂದ ಏನಾದರೂ ಬರದೆ ಇನ್ನೊಂದು ಕಾಲು ಏಳದು ಎನ್ನುವಂತೆ.

ಕಿಟಕಿಯ ಬಿಸಿಲು ಆಗಷ್ಟೇ ಒಳಗೆ ಬರುತ್ತಿತ್ತು. ಲಿಂಗಮ್ಮ ಪಾದಗಳನ್ನು ಅದರಿಂದ ಆಚೆಗೆ ಎಳೆದುಕೊಂಡಳು.

"ಹೂಂ," ಅಂದಳು.